ಒಂದೂವರೆ ಎಕರೆಯ ಪರೀಕ್ಷೆ

ನಮ್ಮ ಗಡಿಭಾಗದ ಮಕ್ಕಳಿಗೆ ಒಂದು ಅನುಕೂಲವಿದೆ. ಒಂದೇ ಶಬ್ದವನ್ನು ಎರಡು ಭಾಷೆಗಳಲ್ಲಿ ತಿರುವಿ ನೋಡುವ ಅವಕಾಶ ಅವರಿಗೆ ದಿನವೂ ಸಿಗುತ್ತದೆ. ‘ವಸಾಹತು’ ಎಂಬ ಶಬ್ದವನ್ನೇ ತೆಗೆದುಕೊಳ್ಳಿರಿ. ಕನ್ನಡದ ಇತಿಹಾಸ ಪುಸ್ತಕದಲ್ಲಿ ಈ ಶಬ್ದ ಬಂದೊಡನೆ ಪರಕೀಯರ ಆಳಿಕೆ ನೆನಪಾಗುತ್ತದೆ. ಮರಾಠಿಯಲ್ಲಿಯೋ ‘ವಸಾಹತ್’ ಎಂದರೆ ಜನರು ಬಂದು ಮನೆ ಕಟ್ಟಿಕೊಂಡು ನೆಲೆನಿಂತ ಜಾಗ. ಸಾಂಗಲಿ, ಮಿರಜಗಳಿಗೆ ಹೋದಾಗ ‘ಔದ್ಯೋಗಿಕ ವಸಾಹತ್’ ಎಂಬ ಫಲಕವನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಒಂದು ಅರ್ಥದಲ್ಲಿ ಆಳುವವರು ಬರುತ್ತಾರೆ, ಇನ್ನೊಂದು ಅರ್ಥದಲ್ಲಿ ಬಾಳುವವರು ಬರುತ್ತಾರೆ.

ನಮ್ಮ ದೇಶಕ್ಕೆ ಬಂದ ಆಂಗ್ಲರು ಬಹುಮಟ್ಟಿಗೆ ಮೊದಲ ಬಗೆಯವರು. ಅವರು ವ್ಯಾಪಾರ ಮಾಡಿದರು, ಕಂದಾಯ ಎತ್ತಿದರು, ಕೊನೆಗೆ ಹೊರಟುಹೋದರು. ಹೊಲ ಉಳುವ ಕೆಲಸ ಇಲ್ಲಿಯ ಒಕ್ಕಲಿಗನಿಗೇ ಇತ್ತು. ಆದರೆ ಆಸ್ಟ್ರೇಲಿಯದಲ್ಲಿ ಎರಡೂ ಅರ್ಥಗಳು ಒಂದಾದುವು. ಅಲ್ಲಿಗೆ ಬಂದವರು ಆಳಲಿಕ್ಕೂ ಬಂದರು, ನೆಲ ಅಗೆದು ಬಾಳಲಿಕ್ಕೂ ಬಂದರು. ಹಾಗೆ ಬಂದವರಲ್ಲಿ ಮೊಟ್ಟಮೊದಲು ಸ್ವಂತ ಬೆಳೆಯಿಂದ ಹೊಟ್ಟೆ ಹೊರೆದವರೆಂದು ಹೆಸರಾದ ದಂಪತಿಗಳು ಜೇಮ್ಸ್ ರೂಸ್ ಮತ್ತು ಎಲಿಝಬೆತ್ ಪೆರಿ. ಇಬ್ಬರೂ ಕೈದಿಗಳು. ಮಳೆಯ ಮುಖ ನೋಡಿ ಬಾಳುವ ಜತ್ತ ತಾಲೂಕಿನ ಮಕ್ಕಳಿಗೆ ಅವರ ಕಥೆ ತಿಳಿದಿರಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಕೈದಿಗಳ ವಸಾಹತು

ಹದಿನೆಂಟನೆಯ ಶತಮಾನದ ಇಂಗ್ಲಂಡದಲ್ಲಿ ಶಿಕ್ಷೆಗಳು ಬಹಳ ಕಠೋರವಾಗಿದ್ದುವು. ಸಣ್ಣ ಕಳವಿಗೂ ಗಲ್ಲು ಅಥವಾ ಗಡೀಪಾರು ಆಗುತ್ತಿತ್ತು. ಗಡೀಪಾರಾದವರನ್ನು ಮೊದಲು ಅಮೇರಿಕದ ವಸಾಹತುಗಳಿಗೆ ಕಳಿಸುತ್ತಿದ್ದರು. 1776ರಲ್ಲಿ ಅಮೇರಿಕದವರು ಸ್ವಾತಂತ್ರ್ಯ ಸಾರಿದ ಮೇಲೆ ಆ ಹಾದಿ ಮುಚ್ಚಿತು. ಸೆರೆಮನೆಗಳು ತುಂಬಿದುವು. ಸಮುದ್ರಯಾನಕ್ಕೆ ಬಾರದ ಹಳೆಯ ಹಡಗುಗಳನ್ನು ದಂಡೆಗೆ ಕಟ್ಟಿ, ಅವುಗಳಲ್ಲಿ ಕೈದಿಗಳನ್ನು ತುಂಬತೊಡಗಿದರು.

ಜೇಮ್ಸ್ ರೂಸನು ಇಂಗ್ಲಂಡದ ನೈಋತ್ಯ ಮೂಲೆಯ ಕಾರ್ನವಾಲ್ ಪ್ರಾಂತದವನು. ಲಾನ್‌ಸೆಸ್ಟನ್ ಎಂಬ ಊರಿನ ಹತ್ತಿರ ಒಕ್ಕಲುತನದಲ್ಲಿಯೇ ಬೆಳೆದವನು. 1782ರಲ್ಲಿ ಒಂದು ಮನೆಯನ್ನು ಹೊಕ್ಕು ಎರಡು ಬೆಳ್ಳಿಯ ಗಡಿಯಾರಗಳನ್ನು ಕದ್ದನೆಂದು ಅವನ ಮೇಲೆ ಖಟ್ಲೆ ನಡೆಯಿತು. ಮೊದಲು ಮರಣದಂಡನೆ ವಿಧಿಸಿ, ಅನಂತರ ಅದನ್ನು 7 ವರ್ಷಗಳ ಗಡೀಪಾರಿಗೆ ಇಳಿಸಿದರು. ಆಗ ಅವನಿಗೆ ಇಪ್ಪತ್ತೆರಡು ವರ್ಷ ವಯಸ್ಸಿನ ಆಸುಪಾಸು. ಪ್ಲಿಮತ್ ಬಂದರಿನಲ್ಲಿ ನಿಂತ ‘ಡಂಕರ್ಕ್’ ಎಂಬ ಸೆರೆಹಡಗಿನಲ್ಲಿ ಅವನು ವರ್ಷಗಟ್ಟಲೆ ಕಳೆದನು.

1787ರ ಮೇ 13ರಂದು ಕೈದಿಗಳನ್ನೂ ಸಿಪಾಯಿಗಳನ್ನೂ ಹೊತ್ತ 11 ಹಡಗುಗಳು ಆಸ್ಟ್ರೇಲಿಯಕ್ಕೆ ಹೊರಟುವು. ‘ಸ್ಕಾರ್‌ಬರೊ’ ಎಂಬ ಹಡಗಿನಲ್ಲಿ ರೂಸನಿದ್ದನು. ಎಂಟು ತಿಂಗಳ ಪ್ರಯಾಣವಾದ ಮೇಲೆ 1788ರ ಜನವರಿ 26ರಂದು, ಇಂದು ಸಿಡ್ನಿ ಎಂದು ಕರೆಯುವ ಕೊಲ್ಲಿಯಲ್ಲಿ ಅವರು ನೆಲೆಯೂರಿದರು. ನಮಗೆ ಗಣರಾಜ್ಯೋತ್ಸವದ ದಿನವಾದ ಜನವರಿ 26 ಆಸ್ಟ್ರೇಲಿಯದಲ್ಲಿಯೂ ರಾಷ್ಟ್ರೀಯ ದಿನವೇ ಆಗಿದೆ. ಆದರೆ ಅಲ್ಲಿಯ ಮೂಲನಿವಾಸಿಗಳಲ್ಲಿ ಅನೇಕರು ಅದನ್ನು ಶೋಕದ ದಿನವೆನ್ನುತ್ತಾರೆ. ಏಕೆಂಬುದು ಮುಂದೆ ತಿಳಿಯುತ್ತದೆ.

ಹಸಿವಿನ ಕಾಲ

ಸಾವಿರಕ್ಕೂ ಮಿಕ್ಕಿದ ಈ ಜನರಲ್ಲಿ ಒಕ್ಕಲುತನ ಬಲ್ಲವರು ಬೆರಳೆಣಿಕೆಯಷ್ಟು. ಹೆಚ್ಚಿನವರು ಪಟ್ಟಣದ ಓಣಿಗಳಲ್ಲಿ ಬೆಳೆದವರು. ತಂದ ಬೀಜಗಳಲ್ಲಿ ಬಹುಪಾಲು ಹಡಗಿನ ಸೆಕೆಗೆ ಕೆಟ್ಟಿದ್ದುವು, ಹುಳ ತಿಂದಿದ್ದುವು. ಬಂದಿಳಿದ ಜಾಗದ ಮಣ್ಣು ತೆಳು, ಮರಳು. ಅದಲ್ಲದೆ ಭೂಮಿಯ ದಕ್ಷಿಣಾರ್ಧದಲ್ಲಿ ಋತುಗಳು ಉತ್ತರಾರ್ಧಕ್ಕೆ ವಿರುದ್ಧವಾಗಿರುತ್ತವೆ. ಇಂಗ್ಲಂಡದಲ್ಲಿ ಬೇಸಿಗೆಯಾದರೆ ಅಲ್ಲಿ ಚಳಿಗಾಲ. ಯಾವ ತಿಂಗಳು ಬಿತ್ತಬೇಕು, ಯಾವ ತಿಂಗಳು ಕೊಯ್ಯಬೇಕು ಎಂಬುದನ್ನು ಎಲ್ಲರೂ ಮೊದಲಿನಿಂದ ಕಲಿಯಬೇಕಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು ದನಗಳದು. ದಾರಿಯಲ್ಲಿ ಆಫ್ರಿಕದ ತುದಿಯಿಂದ ಕೆಲವೇ ಆಕಳುಗಳನ್ನೂ ಎರಡು ಹೋರಿಗಳನ್ನೂ ಕೊಂಡು ತಂದಿದ್ದರು. ಅವು 1788ರಲ್ಲಿಯೇ ಕಾಯುವವನ ಕಣ್ಣು ತಪ್ಪಿಸಿ ಕಾಡು ಸೇರಿದುವು. ಮುಂದೆ 1795ರಲ್ಲಿ ನೋಡಿದಾಗ ಆ ಹಿಂಡು ಕಾಡಿನಲ್ಲಿಯೇ ಬೆಳೆದು ಸುಮಾರು 60 ದನಗಳಾಗಿದ್ದುವು! ಆದರೆ ಬೇಕಾದಾಗ ಅವು ಇರಲಿಲ್ಲ. ಎತ್ತು ಇಲ್ಲ ಎಂದ ಮೇಲೆ ನೇಗಿಲಿಲ್ಲ. ಸೆಗಣಿ ಇಲ್ಲ ಎಂದ ಮೇಲೆ ಗೊಬ್ಬರವಿಲ್ಲ. ಎಲ್ಲವೂ ಗುದ್ದಲಿಯಿಂದಲೇ ಆಗಬೇಕು.

1789ರ ಕೊನೆಗೆ ಧಾನ್ಯ, ಸಾಮಾನುಗಳನ್ನು ಹೊತ್ತು ಬರುತ್ತಿದ್ದ ‘ಗಾರ್ಡಿಯನ್’ ಹಡಗು ದಕ್ಷಿಣ ಸಮುದ್ರದಲ್ಲಿ ಹಿಮಗುಡ್ಡಕ್ಕೆ ಬಡಿಯಿತು. 1790ರ ಮಾರ್ಚಿಯಲ್ಲಿ ವಸಾಹತಿನ ಸ್ವಂತ ಹಡಗು ‘ಸಿರಿಯಸ್’ ಒಡೆದುಹೋಯಿತು. ಸರಕಾರಿ ಉಗ್ರಾಣದ ಪಡಿಯನ್ನು ಇಳಿಸುತ್ತ ಬಂದರು. ಕೊನೆಗೆ ಒಬ್ಬರಿಗೆ ವಾರಕ್ಕೆ ಕಿಲೋ ಲೆಕ್ಕದಲ್ಲಿ ಹೇಳುವುದಾದರೆ ಹಿಟ್ಟು ಒಂದು, ಅಕ್ಕಿ ಒಂದು, ಹಳೆಯ ಉಪ್ಪುಮಾಂಸ ಒಂದು, ಇಷ್ಟೇ. ಗವರ್ನರ ಆರ್ಥರ್ ಫಿಲಿಪನು ತನ್ನ ಸ್ವಂತ ಹಿಟ್ಟನ್ನೂ ಉಗ್ರಾಣಕ್ಕೆ ಕೊಟ್ಟು, ಎಲ್ಲರ ಪಡಿಯನ್ನೇ ತಾನೂ ತಿಂದನು. ಅವನ ಮನೆಗೆ ಊಟಕ್ಕೆ ಬರುವ ಅಧಿಕಾರಿಗಳು ತಮ್ಮ ರೊಟ್ಟಿಯನ್ನು ತಾವೇ ತರಬೇಕಾಗುತ್ತಿತ್ತು. ಇಂಥ ಕಾಲದಲ್ಲಿ ಫಿಲಿಪನ ಎದುರು ಒಂದೇ ಪ್ರಶ್ನೆಯಿತ್ತು. ಒಬ್ಬ ಮನುಷ್ಯನು ಈ ನೆಲದಲ್ಲಿ ಉತ್ತು ಬಿತ್ತಿ ಉಗ್ರಾಣದ ಹಂಗಿಲ್ಲದೆ ಬದುಕಲು ಎಷ್ಟು ಕಾಲ ಬೇಕು?

ಪರೀಕ್ಷೆ

1789ರ ಮಧ್ಯದಲ್ಲಿ ರೂಸನು ಗವರ್ನರನ ಬಳಿಗೆ ಬಂದು, ತನ್ನ 7 ವರ್ಷ ಮುಗಿಯಿತು, ತನಗೆ ಭೂಮಿ ಬೇಕು ಎಂದು ಕೇಳಿದನು. ಶಿಕ್ಷೆಯ ಅವಧಿಯ ಕಾಗದಗಳನ್ನು ಇಂಗ್ಲಂಡದಿಂದ ತಂದೇ ಇರಲಿಲ್ಲ. ಅವನ ಮಾತು ನಿಜವೋ ಸುಳ್ಳೋ ನೋಡುವ ದಾರಿ ಇರಲಿಲ್ಲ. ಆದರೂ ಫಿಲಿಪನು ಆ ವರ್ಷದ ನವೆಂಬರದಲ್ಲಿ, ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 24 ಕಿಲೋಮೀಟರ ದೂರದ ರೋಜ್ ಹಿಲ್ ಎಂಬಲ್ಲಿ ಅವನನ್ನು ಇಳಿಸಿದನು. ಈ ಊರಿಗೇ ಮುಂದೆ ಪರಮಟ್ಟಾ ಎಂಬ ಹೆಸರಾಯಿತು. ಮರ ಕಡಿದ ಒಂದೂವರೆ ಎಕರೆ ನೆಲ, ಒಂದು ಗುಡಿಸಲು, ಗುದ್ದಲಿ ಕೊಡಲಿ ಮುಂತಾದ ಸಲಕರಣೆ, ಬೀಜ, ಎರಡು ಹೆಣ್ಣು ಹಂದಿ, ಆರು ಕೋಳಿ ಇಷ್ಟನ್ನು ಕೊಟ್ಟರು. ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೆ ಪಡಿಯೂ ಸಿಗುವುದು. ಗೆದ್ದರೆ 30 ಎಕರೆ ಅವನದು. ಆ ಹೊಲಕ್ಕೆ ‘ಪರೀಕ್ಷೆಯ ಹೊಲ’ ಎಂದೇ ಹೆಸರು ನಿಂತಿತು.

ರೂಸನ ಕೆಲಸದ ರೀತಿಯನ್ನು ವಾಟ್ಕಿನ್ ಟೆಂಚ್ ಎಂಬ ಸೈನ್ಯಾಧಿಕಾರಿ 1790ರ ನವೆಂಬರದಲ್ಲಿ ಅವನ ಬಾಯಿಂದಲೇ ಕೇಳಿ ಬರೆದಿಟ್ಟಿದ್ದಾನೆ. ಆದುದರಿಂದ ಎರಡು ನೂರು ವರ್ಷಗಳ ಮೇಲೆಯೂ ಅದು ನಮಗೆ ತಿಳಿದಿದೆ. ಬಿದ್ದ ಮರಗಳನ್ನು ಸುಟ್ಟು, ಬೂದಿಯನ್ನು ಮಣ್ಣಿನೊಳಗೆ ಅಗೆದು ಸೇರಿಸುವುದು ಮೊದಲ ಕೆಲಸ. ಅನಂತರ ಗುದ್ದಲಿಯಿಂದ ಆಳವಾಗಿ ಕಡಿಯುವುದು. ಹೆಂಟೆಗಳನ್ನು ಒಡೆದು, ಹುಲ್ಲನ್ನೂ ಕಸವನ್ನೂ ಮಣ್ಣಿನಲ್ಲಿ ಹೂಳುವುದು. ನೆಲವನ್ನು ಆದಷ್ಟು ದಿನ ಗಾಳಿ ಬಿಸಿಲಿಗೆ ಹಾಗೆಯೇ ಬಿಡುವುದು. ಬಿತ್ತುವ ಮುಂಚೆ ಮತ್ತೊಮ್ಮೆ ಎಲ್ಲವನ್ನೂ ತಿರುವಿಹಾಕುವುದು. ಸರಕಾರಿ ಹೊಲದಲ್ಲಿ ಮಾಡಿದಂತೆ ಮೇಲೆ ಮೇಲೆ ಕೆದರಿ ಬಿಡುವವನು ತಾನಲ್ಲ ಎಂದು ಅವನು ಅಭಿಮಾನದಿಂದ ಹೇಳಿಕೊಂಡನು.

ದಿನಕ್ಕೆ ಎಂಟು, ಹೆಚ್ಚೆಂದರೆ ಒಂಬತ್ತು ‘ರಾಡ್’ ನೆಲವನ್ನು ಮಾತ್ರ ಅವನು ಕಡಿಯುತ್ತಿದ್ದನು. ಒಂದು ಎಕರೆಗೆ 160 ರಾಡ್. ನಮ್ಮ ಲೆಕ್ಕದಲ್ಲಿ ಒಂದು ಎಕರೆಗೆ 40 ಗುಂಟೆ. ಎಂದರೆ 8 ರಾಡ್ ಎಂಬುದು ಸರಿಯಾಗಿ 2 ಗುಂಟೆ. ಒಂದೂವರೆ ಎಕರೆ 60 ಗುಂಟೆಯಾಗುತ್ತದೆ. ಇಷ್ಟನ್ನು ಒಂದು ಸಲ ಕಡಿಯಲು ಬಿಡುವಿಲ್ಲದೆ 30 ದಿನ ಬೇಕು! ಎರಡನೆಯ ಸಲ ತಿರುವಿಹಾಕುವುದು ಬೇರೆ, ಮರ ಕಡಿಯುವುದು ಬೇರೆ. ಇದೇ 60 ಗುಂಟೆಯನ್ನು ಒಂದು ಜೋಡಿ ಎತ್ತು ಕಟ್ಟಿ ಹರಗಲು ಎಷ್ಟು ಹೊತ್ತು ಬೇಕೆಂದು ನಿಮ್ಮ ಮನೆಯ ಹಿರಿಯರನ್ನು ಕೇಳಿರಿ. ಆಗ ಎತ್ತಿನ ಬೆಲೆಯೂ ತಿಳಿಯುತ್ತದೆ, ರೂಸನ ತೋಳಿನ ಬೆಲೆಯೂ ತಿಳಿಯುತ್ತದೆ.

ಅಲ್ಲಿ ಚಳಿಗಾಲಕ್ಕೆ ಮುಂಚಿನ ಮೇ ತಿಂಗಳಲ್ಲಿ ಸ್ವಲ್ಪ, ಜೂನದಲ್ಲಿ ಸ್ವಲ್ಪ ಗೋದಿಯನ್ನು ಅವನು ಎರಚಿ ಬಿತ್ತಿದನು. ಮೇ ತಿಂಗಳಲ್ಲಿ ಬಿತ್ತಿದ್ದೇ ಚೆನ್ನಾಗಿ ಬಂದುದನ್ನು ಗುರುತಿಟ್ಟುಕೊಂಡನು. ಅರ್ಧ ಎಕರೆಗೆ ಗೋವಿನಜೋಳ ಹಾಕಿದನು. ಅದನ್ನು ಬೆಳೆಯುವುದು ತನಗೆ ಗೊತ್ತಿಲ್ಲವೆಂದೂ, ಎಷ್ಟು ಬರುವುದೆಂದು ಹೇಳಲಾರೆನೆಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಮೂರು ಬುಶೆಲ್ ಗೋದಿಯ ಬೀಜಕ್ಕೆ ಹನ್ನೆರಡು ಹದಿಮೂರು ಬುಶೆಲ್ ಬರಬಹುದೆಂಬುದು ಅವನ ಅಂದಾಜು. ಒಂದು ಬುಶೆಲ್ ಗೋದಿ ಸುಮಾರು 27 ಕಿಲೋ. ಹಾಗಾದರೆ 80 ಕಿಲೋ ಬಿತ್ತಿ 325-350 ಕಿಲೋ ರಾಶಿ. ಮುಂದಿನ ವರ್ಷದ ಬೀಜ ತೆಗೆದಿಟ್ಟರೆ ಉಳಿಯುವುದು ಎರಡೂವರೆ ಕ್ವಿಂಟಲಿನಷ್ಟು. ಇಬ್ಬರು ದುಡಿಯುವವರಿಗೆ ದಿನಕ್ಕೊಂದು ಕಿಲೋ ಎಂದು ಹಿಡಿದರೂ ವರ್ಷಕ್ಕೆ ಇದು ಸಾಲದು. ಮುಂದೆ ಅವನು ಗೋದಿಯನ್ನು ಬಿಟ್ಟು ಹೆಚ್ಚಾಗಿ ಗೋವಿನಜೋಳಕ್ಕೆ ತಿರುಗಿದನು. ಅದರ ಇಳುವರಿ ಅಲ್ಲಿ ಬಹಳ ಮೇಲಾಗಿತ್ತು.

ತನ್ನ ಮಣ್ಣು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಮಧ್ಯಮ ಎಂದು ಅವನು ಟೆಂಚನಿಗೆ ಹೇಳಿದ್ದನು. ಗೊಬ್ಬರವಿದ್ದರೆ ಇದನ್ನು ದಾರಿಗೆ ತರುವೆನು, ಆದರೆ ದನಗಳಿಲ್ಲದಿದ್ದರೆ ಈ ಭೂಮಿ ಸೋಲುವುದು ಎಂಬುದು ಅವನ ಖಚಿತ ಮಾತಾಗಿತ್ತು. ದನಗಳಿಲ್ಲದ ಕಾರಣ, ಗೋದಿಯ ಹುಲ್ಲನ್ನೂ ಕೊಳೆಯಬಲ್ಲ ಎಲ್ಲ ಕಸವನ್ನೂ ತಗ್ಗು ತೋಡಿ ಹೂಳಿ ಗೊಬ್ಬರ ಮಾಡುವ ಯೋಚನೆ ಅವನದಾಗಿತ್ತು. ನಮ್ಮ ತಿಪ್ಪೆಯ ವಿದ್ಯೆಯೇ ಇದು! ಮಾಡಗ್ಯಾಳದ ಕುರಿಹಿಂಡನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಲು ಕುರುಬರಿಗೆ ಕಾಳು ಕೊಡುವ ಮನೆಯವರಿಗೆ ರೂಸನ ಚಿಂತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲಿಝಬೆತ್

1790ರ ಜೂನ 3ರಂದು, ಹಸಿದ ಜನರು ಧಾನ್ಯದ ಹಡಗಿಗಾಗಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವಾಗ ‘ಲೇಡಿ ಜೂಲಿಯಾನಾ’ ಎಂಬ ಹಡಗು ಬಂದಿತು. ಅದರಲ್ಲಿದ್ದವರು ಇನ್ನೂರಕ್ಕೂ ಹೆಚ್ಚು ಹೆಂಗಸು ಕೈದಿಗಳು. ಧಾನ್ಯದ ಬದಲು ಇಷ್ಟೊಂದು ಹೆಂಗಸರ ನಿರುಪಯೋಗಿ ಹೊರೆ ಬಂದಿತಲ್ಲ ಎಂದು ಅಧಿಕಾರಿಯೊಬ್ಬನು ತನ್ನ ಬರವಣಿಗೆಯಲ್ಲಿ ಬೇಸರಪಟ್ಟುಕೊಂಡಿದ್ದಾನೆ. ಆ ‘ನಿರುಪಯೋಗಿ ಹೊರೆ’ಯಲ್ಲಿ ಒಬ್ಬಳು ಎಲಿಝಬೆತ್ ಪೆರಿ. ಕಳವಿನ ಆರೋಪದ ಮೇಲೆ 7 ವರ್ಷಗಳ ಗಡೀಪಾರಾದವಳು.

1790ರ ಸಪ್ಟಂಬರ 5ರಂದು ಆಕೆ ರೂಸನನ್ನು ಮದುವೆಯಾದಳು. ತವರು ಸಾವಿರಾರು ಮೈಲಿ ದೂರ, ಎಲ್ಲಿ ನೋಡಿದರೂ ಅಡವಿ, ಮನೆ ಎಂದರೆ ಗುಡಿಸಲು, ಆಸ್ತಿ ಎಂದರೆ ಗುದ್ದಲಿ. ಮದುವೆಯಾಗಿ ಎರಡು ತಿಂಗಳಿಗೆ ಟೆಂಚನು ಬಂದಾಗ, ಸದ್ಯಕ್ಕೆ ತನಗೆ ಸಹಾಯಕರು ಯಾರೂ ಇಲ್ಲ, ಹೆಂಡತಿ ಒಬ್ಬಳೇ, ಅವಳು ಕಷ್ಟಜೀವಿ ಎಂದು ರೂಸನು ಹೇಳಿದನು. ಎಲಿಝಬೆತಳ ದುಡಿತದ ಬಗ್ಗೆ ನಮಗೆ ಉಳಿದ ಸಾಕ್ಷಿ ಈ ಒಂದು ಮಾತಷ್ಟೇ. ಆಕೆಯ ಬಾಯಿಂದ ಬಂದ ಮಾತನ್ನು ಯಾರೂ ಬರೆದಿಡಲಿಲ್ಲ. ಆದರೆ ಹೊಲದ ಮನೆಯ ಮಕ್ಕಳಾದ ನಿಮಗೆ ಆ ಮಾತಿನ ಹಿಂದಿನ ಕೆಲಸ ಕಣ್ಣಿಗೆ ಕಟ್ಟುತ್ತದೆ. ಕಸ ತೆಗೆಯುವುದು, ಹಕ್ಕಿ ಕಾಯುವುದು, ಕೊಯ್ಯುವುದು, ತೂರುವುದು, ಹಂದಿ ಕೋಳಿ ಸಾಕುವುದು, ನೀರು ತರುವುದು, ಇಷ್ಟಾದ ಮೇಲೆ ಒಲೆ ಹಚ್ಚುವುದು. ‘ಹೆಂಡತಿ ಒಬ್ಬಳೇ’ ಎಂಬುದರಲ್ಲಿ ಇಷ್ಟೆಲ್ಲ ಅಡಗಿದೆ.

ಇದರ ಮೇಲೆ ರಾತ್ರಿಯ ಕಾವಲು. ಹಸಿದ ಕೈದಿಗಳು ಹೆಚ್ಚುಕಡಿಮೆ ದಿನವೂ ರಾತ್ರಿ ಬಂದು ಬೆಳೆ ಕದಿಯುತ್ತಿದ್ದರು. ತನಗಿರುವ ಎಲ್ಲಕ್ಕೂ ದೊಡ್ಡ ತೊಂದರೆ ಇದೇ ಎಂದು ರೂಸನು ಹೇಳಿದ್ದನು. ಹಿಂದೊಮ್ಮೆ ಕದ್ದವನೇ ಈಗ ಕಳ್ಳರ ಕಾವಲು ಕಾಯುವಂತಾಯಿತು. ಸ್ವಂತ ದುಡಿತ ಮನುಷ್ಯನನ್ನು ಹೇಗೆ ಬದಲಿಸುತ್ತದೆ ನೋಡಿರಿ.

1791ರ ಬೇಸಿಗೆ ಅಲ್ಲಿಗೆ ಭಯಂಕರ ಬರ ತಂದಿತು. ಫೆಬ್ರುವರಿಯಲ್ಲಿ ಬೀಸಿದ ಬಿಸಿಗಾಳಿಗೆ ರೋಜ್ ಹಿಲ್‌ದಲ್ಲಿ ಬಾವಲಿಗಳು ಸತ್ತು ಮರಗಳಿಂದ ಉದುರಿದುವು. ಅದೇ ಫೆಬ್ರುವರಿಯಲ್ಲಿ ರೂಸನು ಗವರ್ನರನಿಗೆ, ತನಗೆ ಇನ್ನು ಸರಕಾರಿ ಪಡಿ ಬೇಡ, ತನ್ನ ಹೊಟ್ಟೆಯನ್ನು ತಾನೇ ಹೊರೆಯಬಲ್ಲೆ ಎಂದು ತಿಳಿಸಿದನು. ಪರೀಕ್ಷೆ ಆರಂಭವಾಗಿ ಆಗ ಹದಿನೈದು ತಿಂಗಳು. ಫಿಲಿಪನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ವರ್ಷದ ಏಪ್ರಿಲದಲ್ಲಿ 30 ಎಕರೆ ರೂಸನದೆಂದು ಗೊತ್ತಾಯಿತು. 1792ರ ಫೆಬ್ರುವರಿಯಲ್ಲಿ ಅದರ ಕಾಗದ ಆಯಿತು. ಆ ವಸಾಹತಿನಲ್ಲಿ ಕೊಟ್ಟ ಮೊದಲ ಭೂಮಿಯೇ ಇದು.

1791ರ ಡಿಸೆಂಬರದಲ್ಲಿ ಟೆಂಚನು ಮತ್ತೆ ಬಂದು ನೋಡಿದಾಗ ಗುಡಿಸಲಿನ ಜಾಗದಲ್ಲಿ ಇಟ್ಟಂಗಿಯ ಮನೆಯಿತ್ತು. ಹನ್ನೊಂದೂವರೆ ಎಕರೆ ಸಾಗುವಳಿಯಾಗಿತ್ತು. ನಾಲ್ಕು ಹೆಣ್ಣು ಹಂದಿ, ಮೂವತ್ತು ಕೋಳಿ ಇದ್ದುವು. ಎಲಿಝಬೆತಳ ಪಡಿಯೂ ಆ ಕ್ರಿಸ್‌ಮಸಕ್ಕೆ ನಿಲ್ಲುವುದಿತ್ತು. ದ್ರಾಕ್ಷಿ, ಹೊಗೆಸೊಪ್ಪು ಬೆಳೆಯುವೆಯಾ ಎಂಬುದಕ್ಕೆ ರೂಸನು, ಗೊತ್ತಿರುವ ದಾರಿಯನ್ನು ಬಿಟ್ಟು ಗೊತ್ತಿಲ್ಲದ್ದಕ್ಕೆ ಹೋಗಲಾರೆ ಎಂದನು. ಮುಂದೆ ಎಲಿಝಬೆತಳಿಗೂ ಗವರ್ನರನ ಕ್ಷಮಾದಾನ ದೊರಕಿತು. ಆ ವಸಾಹತಿನಲ್ಲಿ ಹಾಗೆ ಬಿಡುಗಡೆ ಹೊಂದಿದ ಮೊದಲ ಹೆಂಗಸು ಆಕೆಯೇ ಎನ್ನುತ್ತಾರೆ.

ಅವರ ಕಥೆಯಲ್ಲಿ ನಮ್ಮ ದೇಶವೂ ಒಂದು ಸಲ ಬರುತ್ತದೆ. ವಸಾಹತಿನ ಉಳಿದವರ ಹೊಟ್ಟೆಗಾಗಿ ‘ಅಟ್ಲಾಂಟಿಕ್’ ಎಂಬ ಹಡಗನ್ನು ಕಲಕತ್ತೆಗೆ ಕಳಿಸಿದ್ದರು. 1792ರ ಜೂನದಲ್ಲಿ ಅದು ಅಕ್ಕಿ, ರವೆ, ಬೇಳೆಗಳನ್ನು ತುಂಬಿಕೊಂಡು ಮರಳಿತು.

ಆ ಭೂಮಿ ಯಾರದು?

ಇಲ್ಲಿಗೆ ಕಥೆ ಮುಗಿಸಿದರೆ ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಗೆ ಒಳ್ಳೆಯ ಉದಾಹರಣೆಯಾದೀತು. ಆದರೆ ಅದು ಅರ್ಧ ಸತ್ಯ. ಗವರ್ನರನು ರೂಸನಿಗೆ 30 ಎಕರೆ ಕೊಟ್ಟನು ಸರಿ, ಗವರ್ನರನಿಗೆ ಅದನ್ನು ಯಾರು ಕೊಟ್ಟರು?

ಪರಮಟ್ಟಾ ಎಂಬ ಹೆಸರೇ ಇದಕ್ಕೆ ಉತ್ತರ ಹೇಳುತ್ತದೆ. ಅದು ಆಂಗ್ಲ ಹೆಸರಲ್ಲ. ದಾರುಗ್ ಜನರಲ್ಲಿ ಬುರ್ರಮಟ್ಟಗಲ್ ಎಂಬ ಕುಲದವರು ಆ ಹೊಳೆಯ ದಂಡೆಯಲ್ಲಿ ತಲೆತಲಾಂತರದಿಂದ ವಾಸಿಸುತ್ತಿದ್ದರು. ಹೊಳೆಯಲ್ಲಿ ಹಾವುಮೀನುಗಳು ಹೇರಳವಾಗಿದ್ದುದರಿಂದ ಆ ಹೆಸರು ಬಂದಿತು. ಅವರು ನೇಗಿಲು ಹೂಡುತ್ತಿರಲಿಲ್ಲ, ಬೇಲಿ ಹಾಕುತ್ತಿರಲಿಲ್ಲ. ಮೀನು, ಬೇಟೆ, ಗಡ್ಡೆಗೆಣಸುಗಳ ಮೇಲೆ ಅವರ ಜೀವನ ಸಾಗುತ್ತಿತ್ತು. ಬೇಲಿ ಕಾಣದ ಕಾರಣ ಈ ನೆಲಕ್ಕೆ ಒಡೆಯರಿಲ್ಲವೆಂದು ಆಂಗ್ಲರು ತೀರ್ಮಾನಿಸಿದರು. 1789ರ ಏಪ್ರಿಲದಲ್ಲಿ ಸಿಡ್ನಿಯ ಸುತ್ತಮುತ್ತ ಸಿಡುಬಿನ ಬೇನೆ ಹಬ್ಬಿ ಮೂಲನಿವಾಸಿಗಳಲ್ಲಿ ಸುಮಾರು ಅರ್ಧ ಜನ ಸತ್ತುಹೋದರು. ರೂಸನು ಗುದ್ದಲಿ ಹಿಡಿದು ರೋಜ್ ಹಿಲ್‌ಗೆ ಬಂದುದು ಅದಾದ ಏಳೇ ತಿಂಗಳಿಗೆ.

1793ರಲ್ಲಿ ರೂಸನು ತನ್ನ ಹೊಲವನ್ನು ಜಾನ್ ಹ್ಯಾರಿಸ್ ಎಂಬ ವೈದ್ಯನಿಗೆ 40 ಪೌಂಡಿಗೆ ಮಾರಿದನು. 1794ರಲ್ಲಿ ದಂಪತಿಗಳು ಹಾಕ್ಸ್‌ಬರಿ ನದಿಯ ದಂಡೆಗೆ ಹೋದರು. ಅಲ್ಲಿ ಮೊದಲು ನೆಲೆಸಿದ 22 ಜನ ಒಕ್ಕಲಿಗರಲ್ಲಿ ರೂಸನೊಬ್ಬ. ಹೊಳೆ ತಂದ ಮೆಕ್ಕಲು ಮಣ್ಣು. ಗೊಬ್ಬರದ ಚಿಂತೆ ಇಲ್ಲ. ಆದರೆ ಅದೇ ದಂಡೆಯಲ್ಲಿ ದಾರುಗ್ ಜನರು ಅಗೆದು ತಿನ್ನುವ ಕಾಡುಗೆಣಸು ಬೆಳೆಯುತ್ತಿತ್ತು. ಗೆಣಸಿನ ಜಾಗವನ್ನೆಲ್ಲ ಗೋವಿನಜೋಳ ಆಕ್ರಮಿಸಿತು. ಗೆಣಸು ಹೋದವರು ಜೋಳಕ್ಕೆ ಕೈ ಹಾಕಿದರು. ಒಕ್ಕಲಿಗರು ಬಂದೂಕು ಎತ್ತಿದರು. 1795ರಲ್ಲಿ ಸೈನಿಕರೂ ಬಂದರು. ಎರಡೂ ಕಡೆ ಜನ ಸತ್ತರು. ಹೆಚ್ಚು ಸತ್ತವರು ಮೂಲನಿವಾಸಿಗಳು. 1804ರಲ್ಲಿ ಅವರು ಆಗಿನ ಗವರ್ನರ ಕಿಂಗನಿಗೆ, ತಮಗೆ ಅನ್ನ ಸಿಗುವುದು ಹೊಳೆಯ ದಂಡೆಯಲ್ಲಿ ಮಾತ್ರ, ಅಲ್ಲಿ ಉಳಿದಿರುವ ಸ್ವಲ್ಪ ಜಾಗವನ್ನಾದರೂ ತಮಗೆ ಬಿಡಬೇಕು ಎಂದು ಹೇಳಿದರು. ಅವರ ಬೇಡಿಕೆ ನ್ಯಾಯವಾದುದೆಂದು ಗವರ್ನರನೇ ಒಪ್ಪಿ ಮಾತು ಕೊಟ್ಟನು. ಆ ಮಾತು ಬಹುಕಾಲ ಉಳಿಯಲಿಲ್ಲ.

ಒಡೆಯರಿಲ್ಲದ ನೆಲ ಎಂಬ ವಾದ ಸುಳ್ಳೆಂದು ಅಲ್ಲಿಯ ವರಿಷ್ಠ ನ್ಯಾಯಾಲಯ ಹೇಳಿದುದು 1992ರ ಜೂನ 3ರಂದು. ಎಡ್ಡಿ ಮಾಬೊ ಎಂಬ ಮೂಲನಿವಾಸಿ ಮತ್ತು ಅವರ ಸಂಗಡಿಗರು ತಮ್ಮ ದ್ವೀಪದ ಭೂಮಿ ತಮ್ಮದೆಂದು ಹತ್ತು ವರ್ಷ ಹೋರಾಡಿ ಆ ತೀರ್ಪನ್ನು ಪಡೆದರು. ಆ ದ್ವೀಪದಲ್ಲಿ ಮನೆಮನೆಗೂ ಹಿರಿಯರಿಂದ ಬಂದ ತೋಟದ ಪಟ್ಟಿಗಳಿದ್ದುವು. ತೀರ್ಪು ಬರುವ ಕೆಲವೇ ತಿಂಗಳು ಮೊದಲು ಮಾಬೊ ತೀರಿಕೊಂಡಿದ್ದರು.

ಕೊನೆಯ ದಿನಗಳು

ಹಾಕ್ಸ್‌ಬರಿ ಹೊಳೆ ಕೊಟ್ಟಂತೆಯೇ ಕಿತ್ತುಕೊಂಡಿತು. ಮೇಲಿಂದ ಮೇಲೆ ಮಹಾಪೂರಗಳು ಬಂದುವು. 1806ರ ಪೂರದಲ್ಲಿ ಆ ದಂಡೆಯ ಬಣವೆಗಳೂ ದನಕರುಗಳೂ ತೇಲಿಹೋಗಿ ಇಡೀ ವಸಾಹತಿನಲ್ಲಿ ರೊಟ್ಟಿಯ ಬೆಲೆ ಗಗನಕ್ಕೇರಿತು. ರೂಸನಿಗೆ 1809ರಲ್ಲಿ ಬ್ಯಾಂಕ್ಸ್‌ಟೌನ್ ಎಂಬಲ್ಲಿ 100 ಎಕರೆ, 1819ರಲ್ಲಿ ಮತ್ತೊಂದು ಕಡೆ 100 ಎಕರೆ ದೊರಕಿದರೂ ಮನೆ ಮೇಲೇಳಲಿಲ್ಲ. ಆಳಾಗಿ ದುಡಿದರೆ ಅರಸಾಗಿ ಉಣ್ಣಬಹುದೆಂದು ನಾವು ಹೇಳುತ್ತೇವೆ. ರೂಸನ ಪಾಲಿಗೆ ಇದು ತಿರುವುಮುರುವಾಯಿತು. ಆ ವಸಾಹತಿನ ಮೊದಲ ಭೂಮಾಲಕನು 1828ರ ಹೊತ್ತಿಗೆ, ತನ್ನ ಎಪ್ಪತ್ತರ ಸಮೀಪದಲ್ಲಿ, ಇನ್ನೊಬ್ಬರ ಹೊಲದ ಮೇಲ್ವಿಚಾರಕನಾಗಿ ದುಡಿಯುತ್ತಿದ್ದನು.

ಎಲಿಝಬೆತಳು 1836ರ ಮೇ ತಿಂಗಳಲ್ಲಿ ತೀರಿಕೊಂಡಳು. ಮರುವರ್ಷ ಸಪ್ಟಂಬರ 5ರಂದು ರೂಸನೂ ತೀರಿಕೊಂಡನು. ಅದು ಅವರ ಮದುವೆಯ ದಿನ. ಮದುವೆಯಾಗಿ ಅಂದಿಗೆ ಸರಿಯಾಗಿ 47 ವರ್ಷ. ಕ್ಯಾಂಬೆಲ್‌ಟೌನ್ ಎಂಬ ಊರಿನಲ್ಲಿರುವ ಅವನ ಸಮಾಧಿಯ ಕಲ್ಲಿನ ಮೇಲೆ ತಪ್ಪುತಪ್ಪಾದ ಅಕ್ಷರಗಳಲ್ಲಿ ಕೆಲವು ಸಾಲುಗಳಿವೆ. ಅವನ್ನು ಅವನೇ ಕೆತ್ತಿಕೊಂಡನೆಂದು ಹೇಳುತ್ತಾರೆ. ತಾಯಿ ತನ್ನನ್ನು ಅಕ್ಕರೆಯಿಂದ ಸಾಕಿದುದನ್ನೂ, ಈ ವಸಾಹತಿಗೆ ಬಂದು ಮೊದಲ ಕಾಳು ಬಿತ್ತಿದವನು ತಾನೆಂಬುದನ್ನೂ ಅವು ತಿಳಿಸುತ್ತವೆ. ಮೊದಲ ಕಾಳನ್ನು ಬಿತ್ತಿದವನು ನಿಜಕ್ಕೂ ಅವನಲ್ಲ. 1788ರಲ್ಲಿಯೇ ಸರಕಾರಿ ಹೊಲಗಳಲ್ಲಿ ಬಿತ್ತನೆಯಾಗಿತ್ತು. ಆದರೆ ತಾನು ಬಿತ್ತಿದ್ದನ್ನೇ ಉಂಡು, ಪಡಿ ಬೇಡ ಎಂದವರಲ್ಲಿ ಅವನು ಮೊದಲಿಗ. ಆ ಕಲ್ಲಿನಲ್ಲಿ ಇಲ್ಲದ ಮಾತು ಇನ್ನೊಂದಿದೆ. ಆ ಕಾಳನ್ನು ಅವನೊಡನೆ ಬೆಳೆದವಳ ಪ್ರಸ್ತಾಪ ಆ ಸಾಲುಗಳಲ್ಲಿ ಬರುವುದಿಲ್ಲ.

ಪರೀಕ್ಷೆಯ ಹೊಲವಿದ್ದ ಜಾಗ ಇಂದು ಪಟ್ಟಣದ ನಡುವೆ ಸೇರಿದೆ. ಅಲ್ಲಿ ಒಂದು ಹಳೆಯ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಕಾಯ್ದಿದ್ದಾರೆ. ಅದನ್ನು ಕಟ್ಟಿಸಿದವನು ರೂಸನಲ್ಲ, ಹೊಲವನ್ನು ಕೊಂಡ ಹ್ಯಾರಿಸನು. ರೂಸನ ಹೆಸರು ಇರುವುದು ಒಂದು ಹೈಸ್ಕೂಲಿಗೆ! 1959ರಲ್ಲಿ ಆರಂಭವಾದ ಜೇಮ್ಸ್ ರೂಸ್ ಕೃಷಿ ಪ್ರೌಢಶಾಲೆಗೆ ಸ್ವಂತ ಹೊಲವಿದೆ. ಅಲ್ಲಿಯ ಮಕ್ಕಳಿಗೆ ಗಣಿತ ವಿಜ್ಞಾನಗಳ ಜೊತೆಗೆ ಒಕ್ಕಲುತನವೂ ಪಾಠದ ವಿಷಯವಾಗಿದೆ.

ನಾವು ನೆನಪಿಡಬೇಕಾದುದು

ವಿದ್ಯಾರ್ಥಿಗಳೇ, ಈ ದಂಪತಿಗಳಿಂದ ಕಲಿಯತಕ್ಕದ್ದು ಬಹಳವಿದೆ. ನೆಲವನ್ನು ಮೇಲೆ ಮೇಲೆ ಕೆದರಿದರೆ ಬೆಳೆ ಬಾರದು. ಓದಿಗೂ ಈ ಮಾತು ಸಲ್ಲುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಅವಮಾನವಲ್ಲ. ಒಮ್ಮೆ ತಪ್ಪಿದವನು ಮತ್ತೆ ನೇರವಾಗಿ ನಿಲ್ಲಬಲ್ಲನು.

ಆದರೆ ಇದಕ್ಕಿಂತಲೂ ಮುಖ್ಯವಾದುದು, ಭೂಮಿಯ ಕಾಗದದಲ್ಲಿ ಬರೆದ ಹೆಸರು ಎಂದೂ ಪೂರ್ತಿ ಕಥೆಯಲ್ಲ ಎಂಬುದು. ಆ 30 ಎಕರೆಯ ಕಾಗದದ ಮೇಲೆ ರೂಸನ ಹೆಸರಿತ್ತು. ಜೊತೆಗೆ ದುಡಿದ ಎಲಿಝಬೆತಳ ಪಾಲು ಅದರಲ್ಲಿ ಕಾಣುವುದಿಲ್ಲ. ಅದಕ್ಕೂ ಮುಂಚೆ ಆ ನೆಲದ ಮೇಲೆ ಬಾಳಿದ ಬುರ್ರಮಟ್ಟಗಲ್ ಜನರಂತೂ ಯಾವ ಕಾಗದದಲ್ಲಿಯೂ ಇಲ್ಲ. ರೂಸನು ಕಷ್ಟಪಟ್ಟುದು ನಿಜ. ಅವನು ಕಷ್ಟಪಟ್ಟ ನೆಲ ಇನ್ನೊಬ್ಬರದಾಗಿದ್ದುದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿದರೆ ಅದು ಇತಿಹಾಸವಾಗುವುದಿಲ್ಲ.

ನಮ್ಮ ಮಹಾರಾಷ್ಟ್ರದಲ್ಲಿ 1990ರ ಸುಮಾರಿಗೆ ಶರದ ಜೋಶಿಯವರ ಶೇತಕರೀ ಸಂಘಟನೆಯು ‘ಲಕ್ಷ್ಮೀಮುಕ್ತಿ’ ಎಂಬ ಚಳವಳಿ ನಡೆಸಿತು. ಹೊಲದ ಕಾಗದದಲ್ಲಿ ಹೆಂಡತಿಯ ಹೆಸರನ್ನೂ ಹಚ್ಚಿರೆಂದು ಅದು ರೈತರಿಗೆ ಹೇಳಿತು. ಈ ಸಲ ರಜೆಯಲ್ಲಿ ನಿಮ್ಮ ಮನೆಯ ಸಾತಬಾರಾ ಉತಾರವನ್ನು ಒಮ್ಮೆ ತೆಗೆದು ಓದಿರಿ. ಅದರಲ್ಲಿ ಯಾರ ಯಾರ ಹೆಸರಿದೆ ನೋಡಿರಿ. ಅನಂತರ ಮುಂಜಾನೆ ಹೊಲಕ್ಕೆ ಹೋಗಿ, ಅಲ್ಲಿ ಬಗ್ಗಿ ಕಸ ತೆಗೆಯುತ್ತಿರುವವರು ಯಾರೆಂದು ನೋಡಿರಿ. ಎರಡೂ ಕಡೆ ಒಂದೇ ಹೆಸರುಗಳಿದ್ದರೆ ಸಂತೋಷ. ಇಲ್ಲವಾದರೆ ಮನೆಯಲ್ಲಿ ಆ ಮಾತನ್ನು ಎತ್ತುವ ವಯಸ್ಸು ನಿಮಗೆ ಬಂದಿದೆ.